ಹಗ್ಗದ ತುದಿಯ ಹರಿಣಾಕ್ಷಿ

ಹಗ್ಗಜಗ್ಗಾಟ ನೋಡಲು ಬಂದವರ ಕಣ್ಣೆಲ್ಲ ಹಗ್ಗದ ನಡುವೆ ಕಟ್ಟಿದ ಕೆಂಪು ಬಟ್ಟೆಯ ಮೇಲಿರುತ್ತದೆ. ಕೊನೆಯಲ್ಲಿ ನಿಂತವಳನ್ನು ಯಾರೂ ನೋಡುವುದಿಲ್ಲ. ಹಗ್ಗವನ್ನು ಕಂಕುಳಡಿಯಿಂದ ತಂದು, ಬೆನ್ನ ಮೇಲೆ ಹಾಯಿಸಿ, ಇನ್ನೊಂದು ಹೆಗಲ ಮೇಲಿಂದ ಇಳಿಸಿಕೊಂಡು, ಹಿಮ್ಮಡಿಯನ್ನು ನೆಲಕ್ಕೆ ಊರಿ ಅವಳು ನಿಂತರೆ ಮುಂದಿನ ಏಳು ಮಂದಿಗೆ ಧೈರ್ಯ. ಅವಳು ಕುಸಿದರೆ ಏಳು ಮಂದಿಯೂ ಮುಖ ಅಡಿಯಾಗಿ ಬೀಳಬೇಕಾಗುತ್ತದೆ. ನಮ್ಮ ಆಲೆಟ್ಟಿಯ ಹೆಂಗಸರ ತಂಡದಲ್ಲಿ ಆ ಜಾಗ ಹರಿಣಾಕ್ಷಿಯದು. ಅವಳ ಮುಂದಿನ ಜಾಗ ನನ್ನದು.

ನನ್ನ ಹೆಸರು ಪೂಜಿತಾ. ಊರಿನ ಸೊಸೈಟಿಯಲ್ಲಿ ಕೆಲಸಕ್ಕಿದ್ದೇನೆ. ಹರಿಣಾಕ್ಷಿಯ ಮನೆಗೂ ನಮ್ಮ ಮನೆಗೂ ನಡುವೆ ಹರಿಯುವ ಒಂದು ತೋಡು, ಅದನ್ನು ದಾಟಲು ಒಂದು ಅಡಿಕೆಮರದ ಸಂಕ. ಇಬ್ಬರೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಸೊಸೆಯಂದಿರಾಗಿ ಬಂದವರು. ಈಗ ಊರಿನವರು ಅವಳ ಕಥೆಯನ್ನು ಅವರವರಿಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಕೆಲವರ ಪ್ರಕಾರ ಅವಳನ್ನು ಗುಣ ಮಾಡಿದ್ದು ನಾಗ. ಕೆಲವರ ಪ್ರಕಾರ ಪುನರ್ಪುಳಿ ಹಣ್ಣಿನ ರಸ. ಅವಳ ಅತ್ತೆ ಚೆನ್ನು ಅವರ ಪ್ರಕಾರ ಕಂಬಳಿ. ಮೊದಲನೆಯ ಮಾತು, ಅವಳು ಗುಣವೇ ಆಗಿಲ್ಲ. ಅದನ್ನು ಹೇಳದೆ ನನಗೆ ಉಂಡ ಅನ್ನ ಜೀರ್ಣವಾಗುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಶುರುವಾದದ್ದು ಒಂದು ಬೇಸಿಗೆಯಲ್ಲಿ. ಹರಿಣಾಕ್ಷಿ ಬೆಳಿಗ್ಗೆ ಬೇಗ ಎದ್ದು ತಮ್ಮದೇ ರಬ್ಬರ್ ಮರಗಳನ್ನು ಟ್ಯಾಪಿಂಗ್ ಮಾಡುವವಳು. ಆ ತಂಪು ಹೊತ್ತಿನಲ್ಲಿ ಅವಳಿಗೆ ಏನೂ ಆಗುತ್ತಿರಲಿಲ್ಲ. ಹತ್ತು ಗಂಟೆಯ ಮೇಲೆ ಗುಡ್ಡದಿಂದ ಸೊಪ್ಪಿನ ಹೊರೆ ಇಳಿಸುವಾಗ ಕುತ್ತಿಗೆಯಲ್ಲಿ ಸೂಜಿ ಚುಚ್ಚಿದಂತಾಗಿ, ನೋಡುತ್ತಿದ್ದ ಹಾಗೆ ಎದೆ, ಬೆನ್ನು, ತೋಳಿನ ತುಂಬ ರಾಗಿ ಕಾಳಿನಷ್ಟು ಸಣ್ಣ ಗುಳ್ಳೆಗಳು ಏಳುತ್ತಿದ್ದವು, ನಮ್ಮ ಕಡೆ ಅದಕ್ಕೆ ಗಂಧೆ ಎನ್ನುತ್ತಾರೆ. ಪ್ರತಿಯೊಂದರ ಸುತ್ತ ಕೆಂಪು. ಕೆಂಪಿರುವೆಯ ಗೂಡು ಮೈಮೇಲೆ ಒಡೆದ ಹಾಗೆ ಎಂದು ಅವಳೇ ಹೇಳುತ್ತಿದ್ದಳು. ಒಂದು ಗಂಟೆ ಕಳೆದರೆ ಗುರುತೂ ಇಲ್ಲದೆ ಮಾಯ. ಗಂಡ ದುಗ್ಗಪ್ಪ ತೋಟದಿಂದ ಬರುವಷ್ಟರಲ್ಲಿ ತೋಳು ನುಣ್ಣಗೆ.

"ಎಲ್ಲಿ ಉಂಟು?" ಎಂದು ಅವನು ಕೇಳುವುದು.

"ನಿಮ್ಮನ್ನು ಕಂಡು ಹೆದರಿ ಓಡಿತು" ಎಂದು ಇವಳು ಹೇಳುವುದು.

ಆಮೇಲೆ ಬಿಸಿನೀರಿನ ಸ್ನಾನಕ್ಕೂ ಬಂತು, ಖಾರದ ಸಾರಿಗೂ ಬಂತು, ಜಗಳಕ್ಕೂ ಬಂತು. ಹರಿಣಾಕ್ಷಿಗೆ ಸಿಟ್ಟು ಬೇಗ. ಮೊದಲೆಲ್ಲ ಅವಳು ಬಾಯಿಬಿಟ್ಟ ಮೇಲೆ ಸಿಟ್ಟು ಗೊತ್ತಾಗುತ್ತಿತ್ತು, ಈಗ ಕುತ್ತಿಗೆ ಕೆಂಪಾದಾಗಲೇ ಗೊತ್ತಾಗತೊಡಗಿತು. ಅವಳ ಮಗ ಅಮ್ಮನ ಕುತ್ತಿಗೆ ನೋಡಿಯೇ ಪುಸ್ತಕ ತೆಗೆದು ಕೂರುತ್ತಿದ್ದ.

ಚೆನ್ನು ಅತ್ತೆ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು, ಬೈದು ಮುಗಿಸಬಹುದಿತ್ತು. ಪ್ರೀತಿಯಿಂದ ತಪ್ಪು ಮಾಡುವವರನ್ನು ಎದುರಿಸುವುದು ಕಷ್ಟ. ಸೊಸೆಯ ಮೈ ನೋಡಿದವರೇ ಅವರು "ಇದು ನಂಜು" ಎಂದು ತೀರ್ಪು ಕೊಟ್ಟರು. ಬದನೆ ಹೋಯಿತು, ಒಣಮೀನು ಹೋಯಿತು, ಸಿಗಡಿ ಹೋಯಿತು, ಮೊಟ್ಟೆ ಹೋಯಿತು. ಕುಚ್ಚಲಕ್ಕಿ ಗಂಜಿ ಮತ್ತು ಉಪ್ಪು ಮಾತ್ರ ಉಳಿಯಿತು. ಹಬೆಯಾಡುವ ಗಂಜಿ ಕುಡಿದು ಏಳುವಷ್ಟರಲ್ಲಿ ಗಂಧೆ ಮತ್ತೆ ಹಾಜರು.

"ಗುಟ್ಟಿನಲ್ಲಿ ಬದನೆ ತಿಂದಿಯಾ?" ಅತ್ತೆ ಕೇಳಿದರು.

"ಬದನೆಯ ಮುಖ ನೋಡದೆ ತಿಂಗಳಾಯ್ತು ಅತ್ತೆ."

"ಹಾಗಾದ್ರೆ ಯಾರ ಮನೆಯದ್ದೋ ಪರಿಮಳ ಬಡಿದಿರ್ಬೇಕು."

ಪುನರ್ಪುಳಿ ಕುಡಿಸಿದರು, ಪುನರ್ಪುಳಿ ಹಚ್ಚಿದರು. ಕೆಂಪು ಮೈಗೆ ಇನ್ನಷ್ಟು ಕೆಂಪು ಬಂತು. ಜೋಯಿಸರಲ್ಲಿ ಪ್ರಶ್ನೆ ಇಟ್ಟರು, ನಾಗದೋಷ ಕಂಡಿತು, ಆಶ್ಲೇಷಾ ಬಲಿಯೂ ಆಯಿತು. ಹರಿಣಾಕ್ಷಿ ಭಕ್ತಿಯಿಂದಲೇ ಕೂತಿದ್ದಳು. ಹೋಮದ ಬಿಸಿಗೆ ಅಲ್ಲೇ ಗಂಧೆ ಎದ್ದಾಗ ಮಾತ್ರ ನನ್ನ ಕಿವಿಯಲ್ಲಿ, "ನಾಗನಿಗೂ ನನಗೂ ಎಂತ ಜಗಳವೂ ಇಲ್ಲ ಪೂಜಿ. ನಡುವೆ ಇದ್ದವರು ಸುಮ್ಮನೆ ರಾಜಿ ಮಾಡಿಸ್ತಾ ಇದ್ದಾರೆ" ಎಂದಳು.

ಕೊನೆಗೆ ಕಂಬಳಿ ಬಂತು. ಪಿತ್ತದ ಗಂಧೆ ಎದ್ದರೆ ಕಂಬಳಿ ಹೊದಿಸಿ ಕೂರಿಸುವುದು ನಮ್ಮ ಕಡೆ ಅಜ್ಜಿಯಂದಿರ ಕಾಲದಿಂದ ಇರುವ ಮದ್ದು. ಕರಿಯ, ಒರಟು, ಮೈಗೆ ಚುಚ್ಚುವ ಕಂಬಳಿಯೇ ಆಗಬೇಕು. ಬೇರೆ ಜಾತಿಯ ಗಂಧೆಗೆ ಅದರಿಂದ ಸಮಾಧಾನ ಸಿಗುತ್ತದೋ ಏನೋ, ನಾನು ಅಜ್ಜಿಯಂದಿರ ಮೇಲೆ ಕೇಸು ಹಾಕುವುದಿಲ್ಲ. ಹರಿಣಾಕ್ಷಿಗೆ ಹೊದಿಸಿದಾಗಲೆಲ್ಲ ಗಂಧೆ ಹೆಚ್ಚಾಗುತ್ತಿತ್ತು. ಹೆಚ್ಚಾದದ್ದನ್ನು ನೋಡಿ ಅತ್ತೆ ಇನ್ನೊಂದು ಸುತ್ತು ಬಿಗಿಯುತ್ತಿದ್ದರು. "ವಿಷ ಹೊರಗೆ ಬರ್ತಾ ಉಂಟು, ಬರ್ಲಿ" ಎನ್ನುತ್ತಿದ್ದರು.

ಇಷ್ಟರ ನಡುವೆಯೂ ಅವಳು ಹಗ್ಗ ಬಿಟ್ಟಿರಲಿಲ್ಲ. ಅದು ಯಾಕೆ ಅಷ್ಟು ಮುಖ್ಯ ಎಂದು ಕೇಳುವವರಿಗೆ ಒಂದು ಮಾತು ಹೇಳಬೇಕು. ಮನೆಯಲ್ಲಿ ಅವಳು ಸೊಸೆ, ಹಾಲಿನ ಡೈರಿಯಲ್ಲಿ ದುಗ್ಗಪ್ಪನ ಹೆಂಡತಿ, ಶಾಲೆಯಲ್ಲಿ ಇಂಥವನ ತಾಯಿ. ಮೈಕಿನಲ್ಲಿ "ಆಲೆಟ್ಟಿ ತಂಡದ ಹಗ್ಗದ ತುದಿಯಲ್ಲಿ ಹರಿಣಾಕ್ಷಿ" ಎಂದು ಕೂಗುವಾಗ ಮಾತ್ರ ಆ ಹೆಸರಿನ ಹಿಂದೆಮುಂದೆ ಬೇರೆ ಯಾರೂ ಇರುವುದಿಲ್ಲ. ಆ ಜಾಗವನ್ನು ಅವಳಿಗೆ ಯಾರೂ ಕೊಟ್ಟದ್ದಲ್ಲ. ಮೊದಲ ವರ್ಷ ಎಂಟನೆಯವಳು ಬಾರದೆ ಹೋದಾಗ ಸೆರಗು ಸಿಕ್ಕಿಸಿಕೊಂಡು ಹೋಗಿ ನಿಂತವಳು, ಆಮೇಲೆ ಅಲ್ಲಿಂದ ಕದಲಲಿಲ್ಲ.

ಕಳೆದ ವರ್ಷ ಮಂಡೆಕೋಲಿನಲ್ಲಿ ಪಂದ್ಯವಿತ್ತು. ಬಿಸಿಲು ಎಂದರೆ ತಲೆಯ ಮೇಲೆ ಕಾವಲಿ ಇಟ್ಟಂಥ ಬಿಸಿಲು. ಸೆಮಿಫೈನಲ್‌ನ ಮೂರನೆಯ ಎಳೆತದಲ್ಲಿ ನನ್ನ ಬೆನ್ನ ಹಿಂದೆ ಅವಳ ಉಸಿರಿನ ಸದ್ದು ಬದಲಾಯಿತು. ಇಷ್ಟು ವರ್ಷ ಆ ಉಸಿರು ನನ್ನ ಹೆಗಲಿಗೆ ತಾಗಿಕೊಂಡೇ ಬಂದದ್ದು, ನನಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಸೀಟಿ ಊದುವವರೆಗೆ ಹಗ್ಗ ಒಂದಿಷ್ಟೂ ಸಡಿಲವಾಗಲಿಲ್ಲ. ಗೆದ್ದೆವು. ತಿರುಗಿ ನೋಡಿದರೆ ಅವಳು ನೆಲದಲ್ಲಿ ಕೂತಿದ್ದಳು. ಮುಖವೆಲ್ಲ ಕೆಂಡ, ಕೆಳತುಟಿ ಬಾತು ಇಳಿಬಿದ್ದಿತ್ತು.

ನಾನು ವಾಹನ ಹುಡುಕಲು ರಸ್ತೆಗೆ ಓಡಿದೆ. ಮರಳಿ ಬರುವಷ್ಟರಲ್ಲಿ ಊರಿನ ಹೆಂಗಸರು ತಮ್ಮ ಉಪಕಾರ ಶುರುಮಾಡಿ ಆಗಿತ್ತು. ಹತ್ತಿರದ ಮನೆಯಿಂದ ಕಂಬಳಿ ಬಂದಿತ್ತು, ಒಂದು ಸಾಲದೆಂದು ಎರಡು. ನಡು ಮಧ್ಯಾಹ್ನದ ಬಯಲಿನಲ್ಲಿ ಅವಳನ್ನು ಸುತ್ತಿ, ನಾಲ್ಕು ಮಂದಿ ನಾಲ್ಕು ಕಡೆ ಅಂಚನ್ನು ಒತ್ತಿಹಿಡಿದು ಕೂತಿದ್ದರು. ಐದನೆಯವರು ಬಿಸಿ ಬಿಸಿ ಶುಂಠಿ ಕಷಾಯ ಹಿಡಿದಿದ್ದರು. ಒಳಗಿನಿಂದ ಅವಳು "ಬಿಡಿ, ಬಿಡಿ" ಎಂದು ಒದ್ದಾಡುತ್ತಿದ್ದಳು. ಅವಳು ಒದ್ದಾಡಿದಷ್ಟೂ ಇವರು ಬಿಗಿ ಹಿಡಿದರು. ಯಾರೋ "ಪಿತ್ತ ನೆತ್ತಿಗೇರಿದೆ, ಬಡಬಡಿಸ್ತಾಳೆ" ಎಂದರು.

ನಾನು ಕರೆತಂದದ್ದು ಹಕೀಮ್ ಅವರ ಆಟೋ. ಅವರಿಗೆ ಪಿತ್ತದ ಚಿಂತೆ ಇರಲಿಲ್ಲ, ಜಾಗದ ಚಿಂತೆ. "ಎರಡೆರಡು ಕಂಬಳಿ ಸಮೇತ ಹಿಡಿಯುದಿಲ್ಲ ಮಾರಾಯ್ರೆ, ಅದನ್ನು ಅಲ್ಲೇ ಬಿಸಾಡಿ" ಎಂದು ಗದರಿದರು. ನಾನು ಕಂಬಳಿಗಳನ್ನು ಎಳೆದು ಎಸೆದೆ. ಆಟೋ ಹೊರಟಿತು. ಎರಡೂ ಕಡೆಯಿಂದ ಗಾಳಿ ನುಗ್ಗಿತು. ಸುಳ್ಯದ ದಾರಿಯಲ್ಲಿ ಅರ್ಧ ಬಂದಾಗ ಅವಳು ಕಣ್ಣುಬಿಟ್ಟು, ಬಾತ ತುಟಿಯಲ್ಲೇ, "ಇನ್ನೂ ಜೋರು ಬಿಡಿ ಹಕೀಮ್" ಎಂದಳು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ರಾತ್ರಿ ಉಳಿಸಿಕೊಂಡರು. ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಹೇಳಿದರು. ಆ ನಾಲ್ಕು ಮಂದಿಯ ಮೇಲೆ ನನಗೆ ಆಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮನೆಯಲ್ಲಿ ತೀರ್ಮಾನವಾಯಿತು: ಇನ್ನು ಹಗ್ಗ ಇಲ್ಲ. ಅತ್ತೆ ಅತ್ತು ಹೇಳಿದರು, ದುಗ್ಗಪ್ಪ ನೆಲ ನೋಡಿ ಹೇಳಿದ. ನಮ್ಮ ತಂಡದವರೂ ಬೇರೆಯವಳನ್ನು ಹುಡುಕುವ ಮಾತೆತ್ತಿದರು. ಹರಿಣಾಕ್ಷಿ ಎಲ್ಲರ ಮಾತು ಮುಗಿಯುವವರೆಗೆ ಕೂತು ಕೇಳಿದಳು. ಆಮೇಲೆ, "ಹಗ್ಗ ಬಿಡುದಾದ್ರೆ ನಾನೇ ಬಿಡ್ತೇನೆ. ಯಾಕೆ ಬಿಡ್ಬೇಕು ಅಂತ ಮೊದಲು ನನಗೆ ಗೊತ್ತಾಗ್ಲಿ. ನನ್ನ ಮೈಯಲ್ಲಿ ಎಂತ ಉಂಟು ಅಂತ ಊರಿಗೆಲ್ಲ ಗೊತ್ತುಂಟು, ನನಗೊಬ್ಬಳಿಗೆ ಗೊತ್ತಿಲ್ಲ" ಎಂದಳು. ಮರುವಾರವೇ ನನ್ನನ್ನು ಎಳೆದುಕೊಂಡು ಪುತ್ತೂರಿನ ಬಸ್ಸು ಹತ್ತಿದಳು.

ಚರ್ಮದ ಡಾಕ್ಟರು ವಸುಮತಿ ಎಂಬವರು. ಮಾತು ಕಡಿಮೆ, ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಏನು ತಿಂದಿರಿ ಎಂದು ಅವರು ಮೊದಲು ಕೇಳಲೇ ಇಲ್ಲ. "ಮೈ ಬಿಸಿಯಾದಾಗ ಏಳ್ತದಾ, ಸುಮ್ಮನೆ ಕೂತಾಗಲೂ ಏಳ್ತದಾ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಅವಳಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಆಮೇಲೆ ಅವಳನ್ನು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಇಳಿಯಲು ಕಳಿಸಿದರು. ಏನಾದರೂ ಆದರೆ ಬೇಕೆಂದು ನರ್ಸನ್ನೂ ಮದ್ದನ್ನೂ ಬದಿಯಲ್ಲೇ ಇಟ್ಟುಕೊಂಡಿದ್ದರು. ಹರಿಣಾಕ್ಷಿ ಸೀರೆ ಎತ್ತಿ ಸಿಕ್ಕಿಸಿ, ಚಪ್ಪಲಿ ನನ್ನ ಕೈಗೆ ಕೊಟ್ಟು, ದಡದಡನೆ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಕಾದು ಕೂತ ರೋಗಿಗಳು ತಮ್ಮ ತುರಿಕೆ ಮರೆತು ಇವಳನ್ನೇ ನೋಡಿದರು. ಸ್ವಲ್ಪ ಹೊತ್ತಿಗೆ ಅವಳು ತೋಳು ಚಾಚಿಕೊಂಡು ಒಳಗೆ ನುಗ್ಗಿದಳು.

"ನೋಡಿ ಡಾಕ್ಟ್ರೆ, ನೋಡಿ, ಹೋಗುವ ಮೊದಲು ನೋಡಿ!"

ಅಷ್ಟು ಗಂಧೆ ಎದ್ದ ಮೈಯಲ್ಲಿ ಅಷ್ಟು ಸಂತೋಷದ ಮುಖವನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಷ್ಟು ದಿನ ಯಾರಾದರೂ ಬರುವಷ್ಟರಲ್ಲಿ ಓಡಿಹೋಗುತ್ತಿದ್ದ ಕಳ್ಳ ಅಂದು ಸಾಕ್ಷಿ ಸಮೇತ ಸಿಕ್ಕಿಬಿದ್ದಿದ್ದ.

"ಇದು ನಿಮ್ಮ ಊಟದ್ದಲ್ಲ, ಮೈಯ ಬಿಸಿಯದ್ದು" ಎಂದರು ಡಾಕ್ಟರು. "ಕೆಲಸ, ಸ್ನಾನ, ಖಾರ, ಸಿಟ್ಟು, ಯಾವುದರಿಂದ ಮೈ ಬಿಸಿಯಾದ್ರೂ ಚರ್ಮದ ಒಳಗೆ ತುರಿಕೆಯ ರಸ ಸುರೀತದೆ. ಬೇರೆಯವರಿಗೆ ಬೆವರು ಮಾತ್ರ ಬರ್ತದೆ, ನಿಮಗೆ ಬೆವರಿನೊಟ್ಟಿಗೆ ಇದೂ ಬರ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುದಿಲ್ಲ. ಕೆಲವರಿಗೆ ತಾನಾಗಿ ಹೋಗ್ತದೆ, ಕೆಲವರಿಗೆ ವರ್ಷಗಟ್ಟಲೆ ಇರ್ತದೆ. ನಿಮ್ಮದು ಯಾವಾಗ ಹೋಗ್ತದೆ ಅಂತ ನನಗೆ ಹೇಳ್ಲಿಕ್ಕೆ ಆಗುದಿಲ್ಲ."

ನಾನು ಮಂಡೆಕೋಲಿನ ಕಥೆ ಹೇಳಿದೆ. ಕಂಬಳಿಯ ಮಾತು ಬಂದಾಗ ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಹೊದಿಸಿದ್ರಾ? ಬಿಸಿಲಿನಲ್ಲಿ? ಉರಿಯುವ ಒಲೆಗೆ ಇನ್ನಷ್ಟು ಕಟ್ಟಿಗೆ ಇಟ್ಟ ಹಾಗೆ ಆಯ್ತಲ್ಲ! ತುಟಿ ಬಾತದ್ದು, ಉಸಿರು ಕಟ್ಟಿದ್ದು ಸಣ್ಣ ವಿಷಯ ಅಲ್ಲ. ಈ ಗಂಧೆಯಲ್ಲಿ ಹೆಚ್ಚಿನವರಿಗೆ ತುರಿಕೆಯಲ್ಲೇ ಮುಗೀತದೆ. ನಿಮ್ಮದು ಜೋರಿನ ಪೈಕಿ."

ಬಸ್ಸಿನಿಂದ ಇಳಿಯುವಾಗ ಹರಿಣಾಕ್ಷಿ, "ಜೋರಿನ ಪೈಕಿ ಅಂತೆ. ನಾನು ಯಾವುದರಲ್ಲಿ ಮೆದು ಇದ್ದೇನೆ, ಇದರಲ್ಲಿ ಇರ್ಲಿಕ್ಕೆ?" ಎಂದಳು. ಹೇಳಿ ನಕ್ಕಳು, ಕಣ್ಣು ಮಾತ್ರ ಒದ್ದೆಯಾಗಿತ್ತು. ಸಂಕ ದಾಟಿದವಳೇ ಅಡುಗೆಮನೆಗೆ ಹೋಗಿ ಒಣಮೀನು ಸುಟ್ಟು ಚಟ್ನಿ ಮಾಡಿ, ಅತ್ತೆಯ ಎದುರೇ ತಟ್ಟೆ ತುಂಬ ಅನ್ನ ಕಲಸಿ ತಿಂದಳು. ಏನೂ ಏಳಲಿಲ್ಲ. ಅತ್ತೆ ಮರುದಿನದವರೆಗೂ ಕಾದರು, ಆಗಲೂ ಏಳಲಿಲ್ಲ.

ಮಾತ್ರೆ ಶುರುವಾಯಿತು. ದಿನಕ್ಕೊಂದು ಮಾತ್ರೆಗೆ ಗಂಧೆ ಕ್ಯಾರೇ ಅನ್ನಲಿಲ್ಲ. "ಇಂಗ್ಲಿಷ್ ಮದ್ದೂ ಆಗ್ಲಿಲ್ಲ" ಎಂದು ಊರು ಸಮಾಧಾನಪಟ್ಟಿತು. ಡಾಕ್ಟರಿಗೆ ಅದರಲ್ಲಿ ಆಶ್ಚರ್ಯವೇ ಇರಲಿಲ್ಲ. ಒಂದೇ ಮಾತ್ರೆಗೆ ತಗ್ಗುವವರು ಕೆಲವರು, ಮಾತ್ರೆ ಏರಿಸಿದ ಮೇಲೆ ತಗ್ಗುವವರು ಕೆಲವರು, ಅದಕ್ಕೂ ಬಗ್ಗದೆ ತಿಂಗಳ ಇಂಜೆಕ್ಷನ್ನಿಗೆ ಹೋಗಬೇಕಾದವರು ಕೆಲವರು ಎಂದು ಅವರು ಮೊದಲೇ ಹೇಳಿದ್ದರು. ನೋಡಿ ನೋಡಿ ಎರಡಕ್ಕೆ ಏರಿಸಿದರು, ಆಮೇಲೆ ನಾಲ್ಕಕ್ಕೆ. ನಾವಾಗಿ ಏರಿಸುವಂತಿಲ್ಲ, ನಾವಾಗಿ ಬಿಡುವಂತಿಲ್ಲ ಎಂದು ಕಟ್ಟಪ್ಪಣೆ. ನಾಲ್ಕು ಮಾತ್ರೆಯ ಮೊದಲ ವಾರ ಹರಿಣಾಕ್ಷಿ ರಬ್ಬರ್ ಶೀಟು ಹೊಡೆಯುವ ಮೆಷಿನ್ನಿಗೆ ಒರಗಿ ನಿಂತಲ್ಲೇ ತೂಕಡಿಸಿದಳು. ಆಮೇಲೆ ಅದೂ ಅಭ್ಯಾಸವಾಯಿತು. ಗಂಧೆ ಹೋಗಲಿಲ್ಲ, ಆದರೆ ಸೊರಗಿತು. ಮೊದಲು ಮೈಯಿಡೀ ಏಳುತ್ತಿದ್ದದ್ದು ಕುತ್ತಿಗೆ, ತೋಳಿಗೆ ಇಳಿಯಿತು. ತುಟಿ ಮತ್ತೆ ಬಾತದ್ದಿಲ್ಲ.

"ಇಷ್ಟು ಇಳಿದದ್ದು ಒಳ್ಳೆಯದೇ" ಎಂದರು ಡಾಕ್ಟರು. "ಸಾಲದಿದ್ರೆ ಇಂಜೆಕ್ಷನ್ ನೋಡುವ."

"ನನಗೆ ಹಗ್ಗ ಎಳೀಲಿಕ್ಕೆ ಆಗ್ತದಾ ಹೇಳಿ ಡಾಕ್ಟ್ರೆ."

"ಯಾವ ಹಗ್ಗ? ದನದ್ದಾ?"

ಹಗ್ಗಜಗ್ಗಾಟ ಎಂದು ತಿಳಿದ ಮೇಲೆ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬೇಡ ಎಂದು ನಾಲಿಗೆ ತುದಿಗೆ ಬಂದಿರಬೇಕು. ಅಷ್ಟರಲ್ಲಿ ಹರಿಣಾಕ್ಷಿ ತಾನು ಗಮನಿಸಿದ್ದೊಂದನ್ನು ಹೇಳಿದಳು. ಬೆಳಿಗ್ಗೆ ಗಂಧೆ ಚೆನ್ನಾಗಿ ಎದ್ದು ಇಳಿದ ದಿನ ಸಂಜೆ ಬಿಸಿನೀರು ಸುರಿದುಕೊಂಡರೂ ಏನೂ ಆಗುವುದಿಲ್ಲ, ಯಾಕೆ?

"ಹೌದು, ಕೆಲವರಿಗೆ ಹಾಗೆ ಉಂಟು" ಎಂದರು ಡಾಕ್ಟರು. "ಒಮ್ಮೆ ಪೂರ್ತಿ ಸುರಿದ ಮೇಲೆ ಒಳಗೆ ಮತ್ತೆ ರಸ ತುಂಬ್ಲಿಕ್ಕೆ ಹೊತ್ತು ಬೇಕು. ಎಲ್ಲರಿಗೂ ಅಲ್ಲ. ನಿಮಗೆ ಹೌದಾ ಅಂತ ಇಲ್ಲೇ ನೋಡುವ, ಮನೆಯಲ್ಲಿ ನೀವೇ ನೋಡ್ಲಿಕ್ಕೆ ಹೋಗ್ಬೇಡಿ."

ಮತ್ತೆ ಅದೇ ಮೆಟ್ಟಿಲು. ಬೆಳಿಗ್ಗೆ ಹತ್ತಿ ಇಳಿದಾಗ ಕುತ್ತಿಗೆ ತೋಳು ಕೆಂಪಾಯಿತು. ಎದುರಿನ ಹೋಟೆಲಿನಲ್ಲಿ ಊಟ ಮಾಡಿ, ಮಧ್ಯಾಹ್ನ ಇನ್ನೊಮ್ಮೆ ಹತ್ತಿ ಇಳಿದಳು. ಬೆವರು ಧಾರೆಯಾಗಿ ಇಳಿಯಿತು, ಒಂದು ಗುಳ್ಳೆ ಏಳಲಿಲ್ಲ. ಇನ್ನೊಂದು ದಿನವೂ ಪರೀಕ್ಷೆಯಾಯಿತು, ಆಗಲೂ ಹಾಗೆಯೇ. ಡಾಕ್ಟರು ಒಪ್ಪಿಗೆ ಕೊಟ್ಟರು ಎಂದು ನಾನು ಹೇಳುವುದಿಲ್ಲ, ಶರತ್ತು ಹಾಕಿದರು. ಮಾತ್ರೆ ತಪ್ಪಿಸುವಂತಿಲ್ಲ. ಪಂದ್ಯದ ಬೆಳಿಗ್ಗೆ ಮೈ ಬಿಸಿಮಾಡಿ ಗಂಧೆ ಎಬ್ಬಿಸಿ ಇಳಿಸುವುದನ್ನು ಒಬ್ಬಳೇ ಮಾಡುವಂತಿಲ್ಲ. ತುಟಿ ಜುಮ್ಮೆಂದರೆ, ಗಂಟಲು ಬಿಗಿದರೆ ಆ ಕ್ಷಣ ಹಗ್ಗ ಬಿಟ್ಟು ಆಸ್ಪತ್ರೆಗೆ ಬರಬೇಕು, ಗೆಲ್ಲುವ ಹೊತ್ತಾದರೂ ಸರಿ. ಕೊನೆಯದಕ್ಕೆ ಹರಿಣಾಕ್ಷಿ ಸುಲಭದಲ್ಲಿ ಹೂಂ ಅನ್ನಲಿಲ್ಲ. ನಾನು ಅವಳ ಕೈ ಚಿವುಟಿದ ಮೇಲೆ ಹೂಂ ಅಂದಳು.

ಈ ಬೇಸಿಗೆಯಲ್ಲಿ ಪುತ್ತೂರು ಕಡೆಯ ಸವಣೂರಿನಲ್ಲಿ ಪಂದ್ಯ ಇಟ್ಟರು, ಗೆದ್ದವರಿಗೆ ಬಾಳೆಗೊನೆ. ಹರಿಣಾಕ್ಷಿ ಅತ್ತೆಯ ಹತ್ತಿರ ಹೋಗಿ, "ನಿಮ್ಮ ಕಂಬಳಿ ಕೊಡಿ ಅತ್ತೆ" ಎಂದಳು. ಚೆನ್ನು ಅತ್ತೆಯ ಮುಖ ಅರಳಿತು. "ಈಗಾದ್ರೂ ಬುದ್ಧಿ ಬಂತಲ್ಲ" ಎಂದು ಕೊಡವಿ ಕೊಟ್ಟರು.

ಪಂದ್ಯದ ಬೆಳಿಗ್ಗೆ ನಾನು ಸಂಕ ದಾಟಿ ಹೋದಾಗ ಬಚ್ಚಲ ಒಲೆಯಲ್ಲಿ ಬೆಂಕಿ ಧಗಧಗ ಉರಿಯುತ್ತಿತ್ತು. ಹಾಕಿದ್ದು ದುಗ್ಗಪ್ಪ. ಹೋಗು ಎಂದೂ ಅವನು ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ, ಒಣಗಿದ ಕಟ್ಟಿಗೆ ಆರಿಸಿ ತಂದಿಟ್ಟು ತೋಟಕ್ಕೆ ಹೋಗಿದ್ದ. ಹರಿಣಾಕ್ಷಿ ಮಾತ್ರೆ ನುಂಗಿ, ಕಂಬಳಿಯನ್ನು ತಾನೇ ಸುತ್ತಿಕೊಂಡು ಒಲೆಯ ಎದುರು ಕೂತಳು. ನಾನು ಬಾಗಿಲಲ್ಲಿ ಕೂತು ಅವಳ ತುಟಿಯನ್ನೇ ನೋಡುತ್ತಿದ್ದೆ. ಗಂಧೆ ಎದ್ದಿತು. "ಬಾ ಮಗನೇ, ಈಗಲೇ ಬಾ, ಎಲ್ಲ ಬಾ" ಎಂದು ಹಲ್ಲು ಕಚ್ಚಿ ಅವಳು ಅದನ್ನು ಕರೆಯುತ್ತಿದ್ದಳು. ಸಾಕೆನ್ನಿಸಿದಾಗ ಕಂಬಳಿಯನ್ನು ಕಿತ್ತೆಸೆದು ಅಂಗಳದ ಗಾಳಿಗೆ ಬಂದು ನಿಂತಳು.

"ನೋಡು, ಅದೇ ಕಂಬಳಿ" ಎಂದೆ ನಾನು.

"ಅದೇ. ಆದ್ರೆ ಹೊದಿಸಿಕೊಳ್ಳುದು ಬೇರೆ, ನಾನೇ ಹೊದ್ದುಕೊಳ್ಳುದು ಬೇರೆ. ಬೇಡ ಅನ್ನಿಸಿದಾಗ ತೆಗೆದು ಬಿಸಾಡ್ಲಿಕ್ಕೆ ನನ್ನ ಕೈ ಖಾಲಿ ಉಂಟಲ್ಲ."

ಸವಣೂರಿನಲ್ಲಿ ಮೊದಲೆರಡು ತಂಡಗಳನ್ನು ಸುಲಭದಲ್ಲಿ ಎಳೆದು ಹಾಕಿದೆವು. ಫೈನಲ್ ಕಡಬದವರ ಜೊತೆ. ಹಗ್ಗ ಹಿಡಿಯುವ ಹೊತ್ತಿಗೆ ಸಂಘಟಕರ ಪೈಕಿಯ ಅಕ್ಷಿತ್ ಎಂಬ ಯುವಕ ತಲೆ ಕೆರೆದುಕೊಳ್ಳುತ್ತ ಬಂದ.

"ಅಕ್ಕ, ಬೇಸರ ಮಾಡ್ಬೇಡಿ. ನಿಮಗೆ ಎಂತದೋ ಚರ್ಮದ ಕಾಯಿಲೆ ಉಂಟು ಅಂತ ಮಂಡೆಕೋಲಿನ ಸುದ್ದಿ ಅವರಿಗೆ ಗೊತ್ತಾಗಿದೆ. ಎರಡೂ ಕಡೆಗೆ ಹಗ್ಗ ಒಂದೇ ಅಲ್ವಾ, ಬೆವರು ತಾಗ್ತದೆ ಅಂತ ಹೇಳ್ತಾರೆ. ಒಂದೋ ಬೇರೆಯವರನ್ನು ನಿಲ್ಲಿಸಿ. ಇಲ್ಲದಿದ್ರೆ ಒಮ್ಮೆ ಕೈ ತೋರಿಸಿ, ಎಂತ ಇಲ್ಲ ಅಂತ ಅವರು ನೋಡಿದ್ರೆ ಮುಗೀತು."

ನನಗೆ ಜೀವ ಬಂದಂತಾಯಿತು. ಅಂದು ಅವಳ ತೋಳು ತೊಳೆದ ತಟ್ಟೆಯ ಹಾಗಿತ್ತು. ತೋರಿಸಿದರೆ ಅರೆಕ್ಷಣದ ಕೆಲಸ. ನಮ್ಮ ತಂಡದವರೆಲ್ಲ "ತೋರಿಸು, ತೋರಿಸು" ಎಂದರು.

ಹರಿಣಾಕ್ಷಿ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು.

"ತೋರಿಸುದಿಲ್ಲ."

"ಹುಚ್ಚಾ ನಿನಗೆ? ಎಂತ ಇಲ್ಲವಲ್ಲ!" ಎಂದೆ.

"ಇವತ್ತು ಇಲ್ಲ. ಎದ್ದಿರುವ ದಿನ? ಇವತ್ತು ಕೈ ತೋರಿಸಿ ಆಡಿದ್ರೆ, ಗಂಧೆ ಇದ್ದವಳು ಆಡ್ಲಿಕ್ಕಿಲ್ಲ ಅಂತ ನಾನೇ ಒಪ್ಪಿದ ಹಾಗೆ ಆಯ್ತು" ಎಂದಳು. ನನಗೆ ಹೇಳಿ ಮುಗಿಸಿ ನೇರ ಕಡಬದ ತಂಡದ ಎದುರು ಹೋಗಿ ನಿಂತಳು. ಅವರ ನಾಯಕಿ ಭಾವನಾ ಗಟ್ಟಿಮುಟ್ಟಾದ ಹೆಂಗಸು, ಕೈಕಟ್ಟಿ ನಿಂತಿದ್ದಳು.

"ನನಗೆ ಗಂಧೆ ಉಂಟು" ಎಂದಳು ಹರಿಣಾಕ್ಷಿ, ಮೈಕ್ ಇಲ್ಲದೆಯೇ ಬಯಲಿಗೆಲ್ಲ ಕೇಳುವ ಹಾಗೆ. "ಬಿಸಿಗೆ ಏಳ್ತದೆ, ತಣ್ಣಗಾದ್ರೆ ಹೋಗ್ತದೆ. ಅಂಟುದಿಲ್ಲ. ಡಾಕ್ಟ್ರು ಹೇ‍ಳಿದ್ದು, ಬೇಕಾದ್ರೆ ಫೋನ್ ಮಾಡಿ ಕೇಳಿ. ಕೈ ತೋರಿಸುದಿಲ್ಲ. ಹಗ್ಗ ಹಿಡೀಲಿಕ್ಕೆ ಹೆದರಿಕೆ ಆದ್ರೆ ಹಿಡೀಬೇಡಿ, ಬಾಳೆಗೊನೆ ನಾವು ಹೊತ್ತುಕೊಂಡು ಹೋಗ್ತೇವೆ."

ನನಗೂ ಬಾಯಿ ತುರಿಸುತ್ತಿತ್ತು. ನನ್ನ ಎರಡೂ ತೋಳು ಮೇಲೆ ಮಡಚಿ ಭಾವನಾಳ ಮೂಗಿನ ಹತ್ತಿರ ಹಿಡಿದೆ. "ಇವಳ ಬೆವರು, ಉಸಿರು, ಉಗುಳು ಎಲ್ಲ ವರ್ಷಗಟ್ಟಲೆ ಬೀಳ್ತಾ ಇರುದು ನನ್ನ ಬೆನ್ನಿಗೆ. ಎಲ್ಲಿ ಅಂಟಿದೆ ನೋಡಿ. ಅಂಟಿದ್ದು ಇವಳ ಬಾಯಿ ಮಾತ್ರ!"

ಯಾರೋ ಹಿಂದಿನಿಂದ ಶಿಳ್ಳೆ ಹೊಡೆದರು. ಭಾವನಾ ಹರಿಣಾಕ್ಷಿಯನ್ನು ಮೇಲಿಂದ ಕೆಳಗೆ ನೋಡಿದಳು. ಊರಿಡೀ ನೆರೆದಿರುವಾಗ ಎಳೆಯದೆ ಸೋಲಲು ಅವಳೂ ತಯಾರಿರಲಿಲ್ಲ. "ಬಾಳೆಗೊನೆಯ ಆಸೆ ಬಿಡಿ. ಎಳೀವ" ಎಂದು ಹಗ್ಗಕ್ಕೆ ಕೈ ಹಾಕಿದಳು.

ಮೊದಲ ಎಳೆತ ಅವರದ್ದಾಯಿತು. ಎರಡನೆಯದು ನಮ್ಮದು. ಮೂರನೆಯದಕ್ಕೆ ಹಗ್ಗ ಮಿಸುಕಲೇ ಇಲ್ಲ. ಎರಡೂ ಕಡೆಯವರು ಹಿಂದಕ್ಕೆ ಮಲಗಿ, ಹಿಮ್ಮಡಿ ಊರಿ, ಹಲ್ಲು ಕಚ್ಚಿ ನಿಂತೆವು. ಬಿಸಿಲು ಮಂಡೆಕೋಲಿನದ್ದೇ ಬಿಸಿಲು. ನನ್ನ ಹಿಂದಿನ ಉಸಿರು ಭಾರವಾಗುತ್ತ ಬಂತು.

"ತುಟಿ?" ಎಂದೆ, ತಿರುಗದೆ.

"ಇಲ್ಲ. ಎಳಿ."

ನನ್ನ ಅಂಗೈ ಜಾರತೊಡಗಿತು. ಹಗ್ಗ ಒಂದು ಗೇಣು ಆಚೆ ಹೋಯಿತು. ಅಲ್ಲಿಗೇ ನಿಂತಿತು, ಹಿಂದೆ ಅವಳು ಇದ್ದಳು.

"ಗಂಟಲು?"

"ಗಂಟಲು ಬಿಗಿದ್ರೆ ನಿನಗೆ ಬಯ್ಯುದು ಯಾರು? ಎಳಿ ಮಾರಾಯ್ತಿ, ಎಳಿ!"

ಎಳೆದೆವು. ಕಡಬದ ಸಾಲಿನಲ್ಲಿ ಯಾರದೋ ಕಾಲು ಜಾರಿತು, ಹಗ್ಗ ನಮ್ಮ ಕಡೆ ಓಡಿ ಬಂತು, ನಾವು ಎಂಟೂ ಮಂದಿ ಒಬ್ಬರ ಮೇಲೊಬ್ಬರು ಬಿದ್ದೆವು. ಎಲ್ಲರಿಗಿಂತ ಅಡಿಯಲ್ಲಿ ಹರಿಣಾಕ್ಷಿ, ಹಗ್ಗ ಇನ್ನೂ ಹೆಗಲಲ್ಲಿ. ಅವಳ ಮುಖ ನೋಡಿದೆ. ತುಟಿ ಸರಿಯಿತ್ತು. ಕುತ್ತಿಗೆಯ ಬದಿಯಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಕೆಂಪು ಗುಳ್ಳೆ ಎದ್ದಿತ್ತು. ನಾನು ಅದರ ಮೇಲೆ ಅವಳ ಜಡೆ ಎಳೆದು ಮುಚ್ಚಲು ಹೋದೆ, ಅವಳು ನನ್ನ ಕೈಯನ್ನು ತಟ್ಟಿ ಸರಿಸಿದಳು.

ಬಹುಮಾನದ ಹೊತ್ತಿಗೆ ಬಾಳೆಗೊನೆಯ ಜೊತೆಗೆ ಹರಿಣಾಕ್ಷಿಗೆ ಬೇರೆ ಸನ್ಮಾನ ಎಂದು ಘೋಷಣೆಯಾಯಿತು. ಅಕ್ಷಿತ್‌ಗೆ ನಡೆದದ್ದರ ನಾಚಿಕೆ ಇತ್ತೆಂದು ಕಾಣುತ್ತದೆ. ಮುಖ್ಯ ಅತಿಥಿ ನಿವೃತ್ತ ಹೆಡ್‌ಮಾಸ್ತರು, ಒಳ್ಳೆಯ ಮನುಷ್ಯ. ಮೈಕಿನಲ್ಲಿ "ಕಾಯಿಲೆಯನ್ನು ಗೆದ್ದು ಬಂದ ಈ ಸಹೋದರಿಗೆ" ಎಂದು ಶುರುಮಾಡಿ, ದಪ್ಪ ಶಾಲೊಂದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಅವಳ ಹೆಗಲ ಕಡೆಗೆ ಬಂದರು.

ಹರಿಣಾಕ್ಷಿ ಒಂದು ಹೆಜ್ಜೆ ಹಿಂದೆ ಸರಿದಳು.

"ಹೊದಿಸ್ಬೇಡಿ ಸಾರ್. ಕೈಗೆ ಕೊಡಿ."

ಮಾಸ್ತರು ಗಲಿಬಿಲಿಗೊಂಡರು. "ಗೌರವ ಅಮ್ಮ ಇದು, ಸಂಕೋಚ ಮಾಡ್ಬಾರ್ದು" ಎಂದು ಮತ್ತೆ ಮುಂದೆ ಬಂದರು. ಹಿಂದಿನಿಂದ ಯಾರೋ ಅವಳ ಭುಜ ಹಿಡಿದು ನಿಲ್ಲಿಸಲು ನೋಡಿದರು. ಮಂಡೆಕೋಲಿನ ಬಯಲು ನನ್ನ ಕಣ್ಣ ಮುಂದೆ ಬಂತು. ಅವಳ ಕಣ್ಣ ಮುಂದೆಯೂ ಬಂದಿರಬೇಕು, ಭುಜ ಕೊಡವಿಕೊಂಡಳು.

"ಗೌರವ ಕೈಯಲ್ಲೂ ಹಿಡೀಬಹುದು ಸಾರ್. ಹೋದ ವರ್ಷ ನನ್ನ ಮೇಲಿನ ಪ್ರೀತಿಯಿಂದಲೇ ಹೊದಿಸಿದ್ರು, ಬದುಕಿ ಉಳಿದದ್ದು ಹೆಚ್ಚು" ಎಂದಳು. ಎದುರಿಗಿದ್ದ ಮೈಕು ಎಲ್ಲವನ್ನೂ ಊರಿಗೆ ಹೇಳುತ್ತಿತ್ತು. "ಮತ್ತೆ, ಕಾಯಿಲೆಯನ್ನು ನಾನು ಗೆದ್ದಿಲ್ಲ. ಗೆದ್ದದ್ದು ಹಗ್ಗವನ್ನು. ಇದು ಇನ್ನೂ ಉಂಟು."

ಹೀಗೆ ಹೇಳಿ, ಕೈ ತೋರಿಸುವುದಿಲ್ಲ ಎಂದು ಹಟ ಹಿಡಿದಿದ್ದವಳು ಜಡೆಯನ್ನು ಹಿಂದಕ್ಕೆ ಎಸೆದು, ಅಂಗಿಯ ಕಾಲರು ಸರಿಸಿ, ಕುತ್ತಿಗೆಯ ಕೆಂಪು ಗುಳ್ಳೆಗಳನ್ನು ಬಯಲಿನ ಕಡೆಗೆ ತಿರುಗಿಸಿ ನಿಂತಳು. ಕಡಬದ ಸಾಲಿನಲ್ಲಿ ಭಾವನಾ ಒಮ್ಮೆ ತನ್ನ ಅಂಗೈ ನೋಡಿಕೊಂಡಳು, ಒಮ್ಮೆ ಅವಳ ಕುತ್ತಿಗೆ ನೋಡಿದಳು. ಆಮೇಲೆ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದಳು.

ಮಾಸ್ತರು ಶಾಲನ್ನು ಮಡಚಿ ಅವಳ ಎರಡೂ ಕೈಗೆ ಕೊಟ್ಟರು. ಅವಳು ಅದನ್ನು ಕಣ್ಣಿಗೊತ್ತಿಕೊಂಡು, ಕಂಕುಳಲ್ಲಿಟ್ಟು ವೇದಿಕೆ ಇಳಿದು ಬಂದು, ಬಾಳೆಗೊನೆಯ ದಿಂಡಿನ ಹಿಂದಿನ ತುದಿಗೆ ಕೈ ಹಾಕಿದಳು.

"ಪೂಜಿ, ಮುಂದೆ ಹಿಡಿ" ಎಂದಳು. "ಹಿಂದೆ ನಾನಿದ್ದೇನೆ."